ಹಳೆಯ ಜೀಪಿನ ಚಾಸಿಗೆ ತುಕ್ಕು: ದುರಸ್ತಿಯೋ, ಗುಜರಿಯೋ?

ಮಳೆ ಬಿಟ್ಟು ಅಡಿಕೆ ಕೊಯಿಲಿಗೆ ಮೊದಲಿಡುವ ದಿನಗಳಲ್ಲಿ ನಮ್ಮ ಕಾಸರಗೋಡು ಕಡೆಯ ಹಲವು ಕೃಷಿಕರ ಅಂಗಳದಲ್ಲಿ ಒಂದೇ ಪ್ರಶ್ನೆ ಏಳುತ್ತದೆ. ನಾಲ್ಕು ತಿಂಗಳು ಕೆಸರು ತುಳಿದ ಜೀಪನ್ನು ತೊಳೆದು ನೋಡಿದಾಗ ಅಡಿಯಿಂದ ಹಿಡಿ ತುಂಬ ಕೆಂಪು ಹುಡಿ ಉದುರುತ್ತದೆ. ಗ್ಯಾರೇಜಿನವರು ಅಡಿಗೆ ನುಸುಳಿ ನೋಡಿ ಚಾಸಿಗೆ ತುಕ್ಕು ಹಿಡಿದಿದೆ ಎನ್ನುತ್ತಾರೆ. ಅಲ್ಲೊಂದು ತಗಡು ಬೆಸೆದರೆ ಸಾಕೆಂದು ಒಬ್ಬರು, ಇನ್ನು ಗುಜರಿಗೇ ಸೈ ಎಂದು ಮತ್ತೊಬ್ಬರು. ಯಜಮಾನರ ಮನಸ್ಸು ಎರಡು ಕಡೆಗೂ ಎಳೆಯುತ್ತದೆ. ಗುಡ್ಡೆ ಹತ್ತಿಸಿ ಗೊಬ್ಬರ ತಂದದ್ದು, ಅಡಿಕೆ ಮೂಟೆಯನ್ನು ಪೇಟೆಗೆ ಮುಟ್ಟಿಸಿದ್ದು, ನಡುರಾತ್ರಿಯಲ್ಲಿ ಹೆರಿಗೆಗೆ ಕರೆದೊಯ್ದದ್ದು ಇದೇ ಜೀಪು. ಬಿಡಲು ಮನಸ್ಸು ಬಾರದು. ಇಟ್ಟುಕೊಳ್ಳಲು ಧೈರ್ಯ ಸಾಲದು.

ಈ ತೀರ್ಮಾನವನ್ನು ಯಾವ ಆಧಾರದ ಮೇಲೆ ಮಾಡಬೇಕೆಂಬುದನ್ನು ಇಲ್ಲಿ ವಿಚಾರಿಸುತ್ತೇವೆ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಮೇಲು. ತುಕ್ಕು ಎಷ್ಟಿದೆ ಎಂಬುದಕ್ಕಿಂತ ಎಲ್ಲಿದೆ ಎಂಬುದು ಹೆಚ್ಚು ಮುಖ್ಯ. ಅಂಗೈಯಗಲದ ತೂತು ಮಡ್‌ಗಾರ್ಡಿನಲ್ಲಿದ್ದರೆ ಅದು ಅಂದಗೇಡು ಮಾತ್ರ. ಬೆರಳು ತೂರುವಷ್ಟು ತೂತು ಸ್ಟೇರಿಂಗ್ ಪೆಟ್ಟಿಗೆಯ ಬುಡದಲ್ಲಿದ್ದರೆ ಜೀಪಿನಲ್ಲಿ ಕುಳಿತವರೆಲ್ಲರ ಜೀವ ಅಲ್ಲಿದೆ. ಆದುದರಿಂದ ಬೆಲೆ ಕೇಳುವುದಕ್ಕೆ ಮುಂಚೆ ಅಡಿಗೆ ಇಳಿದು ನೋಡಬೇಕು.

ತುಕ್ಕು ಎಲ್ಲಿಂದ ಬರುತ್ತದೆ?

ಕಬ್ಬಿಣಕ್ಕೆ ನೀರೂ ಗಾಳಿಯೂ ಒಟ್ಟಿಗೆ ತಗಲಿದರೆ ತುಕ್ಕು ಹುಟ್ಟುತ್ತದೆ. ಎರಡರಲ್ಲಿ ಒಂದನ್ನು ತಡೆದರೂ ತುಕ್ಕಿಲ್ಲ. ಹುಟ್ಟಿದ ತುಕ್ಕು ಮೊದಲಿದ್ದ ಕಬ್ಬಿಣಕ್ಕಿಂತ ಹಲವು ಪಾಲು ಹೆಚ್ಚು ಜಾಗ ಹಿಡಿಯುತ್ತದೆ. ಆದ ಕಾರಣ ಅದು ಪದರ ಪದರವಾಗಿ ಉಬ್ಬಿ ಉದುರುತ್ತದೆ, ಒಳಗಿನ ಹೊಸ ಕಬ್ಬಿಣ ಮತ್ತೆ ಗಾಳಿಗೆ ತೆರೆದುಕೊಳ್ಳುತ್ತದೆ. ತಾಮ್ರದ ಕಿಲುಬು ತಾಮ್ರವನ್ನು ಒಂದಿಷ್ಟು ಕಾಪಾಡುತ್ತದೆ. ಕಬ್ಬಿಣದ ತುಕ್ಕಿಗೆ ಆ ಗುಣವಿಲ್ಲ.

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು ಮೂರೂವರೆ ಸಾವಿರ ಮಿಲಿಮೀಟರು ಮಳೆ. ಪಡುವಣದಿಂದ ಉಪ್ಪುಗಾಳಿ. ಇದು ಎಲ್ಲರಿಗೂ ಗೊತ್ತಿರುವ ಮಾತು. ಕೃಷಿಕನ ಜೀಪಿಗೆ ಇದರ ಮೇಲೆ ಇನ್ನೂ ಮೂರು ಶತ್ರುಗಳಿರುವುದನ್ನು ಅಷ್ಟಾಗಿ ಯಾರೂ ಗಮನಿಸುವುದಿಲ್ಲ. ಒಂದನೆಯದು ಪೊಟ್ಯಾಷ್ ಗೊಬ್ಬರ. ಮ್ಯೂರಿಯೇಟ್ ಆಫ್ ಪೊಟ್ಯಾಷ್ ಎಂಬುದು ಪೊಟ್ಯಾಸಿಯಂ ಕ್ಲೋರೈಡು; ಸಮುದ್ರದ ಉಪ್ಪಿನಲ್ಲಿ ಕಬ್ಬಿಣವನ್ನು ತಿನ್ನುವ ಕ್ಲೋರೈಡು ಯಾವುದೋ ಅದೇ ಇದರಲ್ಲಿಯೂ ಇದೆ. ಚೀಲದಿಂದ ಸೋರಿದ ಹುಡಿ ಜೀಪಿನ ತಳದ ಸಂದುಗಳಿಗೆ ಇಳಿದು, ಗಾಳಿಯ ತೇವವನ್ನು ಹೀರಿಕೊಂಡು, ಮಳೆಯಿಲ್ಲದ ದಿನವೂ ಕಬ್ಬಿಣವನ್ನು ಒದ್ದೆಯಾಗಿಡುತ್ತದೆ. ಎರಡನೆಯದು ಹಟ್ಟಿಗೊಬ್ಬರ. ಅದರ ರಸವೂ ಗಂಜಳವೂ ತಳದಲ್ಲಿ ನಿಂತರೆ ಬಣ್ಣ ಏಳುತ್ತದೆ.

ಮೂರನೆಯದು ಮೈಲುತುತ್ತು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ತಯಾರಿಸುವವರಿಗೆ ಒಂದು ಪರೀಕ್ಷೆ ಗೊತ್ತು. 100 ಲೀಟರು ನೀರಿಗೆ 1 ಕಿಲೋ ತುತ್ತು, 1 ಕಿಲೋ ಸುಣ್ಣ ಹಾಕಿದ ಮೇಲೆ ಉಜ್ಜಿದ ಚೂರಿಯೊಂದನ್ನು ಅದ್ದಿ ನೋಡುತ್ತಾರೆ. ಚೂರಿಗೆ ಕೆಂಪು ತಾಮ್ರ ಹತ್ತಿದರೆ ಸುಣ್ಣ ಸಾಲದೆಂದು ಅರ್ಥ. ಆ ಕೆಂಪು ಎಲ್ಲಿಂದ ಬಂತೆಂದು ಯೋಚಿಸಿ ನೋಡಿ. ತಾಮ್ರ ಚೂರಿಯ ಮೇಲೆ ಕುಳಿತುಕೊಳ್ಳಬೇಕಾದರೆ ಅಷ್ಟು ಕಬ್ಬಿಣ ಕರಗಿ ದ್ರಾವಣಕ್ಕೆ ಹೋಗಬೇಕು. ತುತ್ತಿನ ನೀರು ಜೀಪಿನ ತಳಕ್ಕೆ ಚೆಲ್ಲಿದಾಗ ನಡೆಯುವುದೂ ಇದೇ. ಬರಿಯ ತುತ್ತಿನ ನೀರನ್ನು ಡ್ರಮ್ಮಿನಲ್ಲಿ ತುಂಬಿ ಜೀಪಿನಲ್ಲಿ ಸಾಗಿಸುವವರು ಇದನ್ನು ಮನಸ್ಸಿನಲ್ಲಿಡತಕ್ಕದ್ದು. ಸುಣ್ಣ ಸರಿಯಾಗಿ ಬೆರೆತ ದ್ರಾವಣ ಇಷ್ಟು ಕೇಡು ಮಾಡುವುದಿಲ್ಲ.

ಗಾಡಿಯ ಎಲುಬು ಯಾವುದು?

ಜೀಪು ನಮ್ಮ ಎತ್ತಿನ ಗಾಡಿಯಂತೆ. ಗಾಡಿಯಲ್ಲಿ ಮೂಕಿಮರಗಳೂ ಅಡ್ಡಪಟ್ಟಿಗಳೂ ಭಾರ ಹೊರುತ್ತವೆ. ಮೇಲಿನ ತಟ್ಟಿ ಹರಿದರೆ ಇನ್ನೊಂದು ಕಟ್ಟಬಹುದು. ಹಾಗೆಯೇ ಜೀಪಿನಲ್ಲಿ ಉದ್ದಕ್ಕೆ ಎರಡು ಉಕ್ಕಿನ ತೊಲೆಗಳು, ನಡುನಡುವೆ ಅಡ್ಡತೊಲೆಗಳು. ಇವೆಲ್ಲ ಸೇರಿ ಚಾಸಿ. ಎಂಜಿನು, ಸ್ಪ್ರಿಂಗ್ ಪ್ಲೇಟು, ಸ್ಟೇರಿಂಗ್ ಎಲ್ಲವೂ ಚಾಸಿಗೇ ಬಿಗಿದಿರುತ್ತವೆ. ಬಾಡಿಯನ್ನು ಬೋಲ್ಟು ಬಿಚ್ಚಿ ಎತ್ತಿ ಇಡಬಹುದು.

ಅಂಬಾಸಿಡರ್, ಪದ್ಮಿನಿ, ಮಾರುತಿ 800, ಮಾರುತಿ ಓಮ್ನಿ ಇವುಗಳ ಕಟ್ಟೋಣ ಬೇರೆ. ಇವು ಬಿಸ್ಕತ್ತಿನ ಡಬ್ಬಿಯಂತೆ. ಡಬ್ಬಿಯೊಳಗೆ ತೊಲೆಯಿಲ್ಲ, ತಗಡು ಮಡಚಿ ಸೇರಿಸಿದ ಆಕಾರವೇ ಅದರ ಬಲ. ಬಾಗಿಲಿನ ಕೆಳಗಿನ ಪೊಳ್ಳು ಪಟ್ಟಿ, ನೆಲದ ತಗಡು, ಚಕ್ರದ ಮೇಲಿನ ಗೂಡು ಇವೇ ಅಲ್ಲಿ ಚಾಸಿಯ ಕೆಲಸ ಮಾಡುತ್ತವೆ. ತಗಡು ಹಲವೆಡೆ ಒಂದು ಮಿಲಿಮೀಟರಿಗಿಂತಲೂ ತೆಳು. ಅಂಬಾಸಿಡರ್ ಮತ್ತು ಮಾರುತಿ 800 ತಯಾರಾಗುವುದು 2014ರಲ್ಲಿ ನಿಂತಿತು, ಓಮ್ನಿ 2019ರಲ್ಲಿ. ಹೀಗಾಗಿ ಈಗ ಊರಿನಲ್ಲಿ ಓಡುತ್ತಿರುವುವೆಲ್ಲ ಹಲವು ಮಳೆಗಾಲ ಕಂಡವೇ. ಇಂಥ ಕಾರಿನ ಬಾಗಿಲಡಿಯ ಪಟ್ಟಿ ತಿಂದುಹೋದರೆ, ಜೀಪಿನ ಬಾಗಿಲು ತಿಂದುಹೋದಂತೆ ಸುಮ್ಮನಿರುವಂತಿಲ್ಲ.

ಬ್ರಿಟನ್ನಿನಲ್ಲಿ ವರ್ಷಂಪ್ರತಿ ನಡೆಯುವ ಮೋಟಾರು ತಪಾಸಣೆಯಲ್ಲಿ ಒಂದು ಉಪಯುಕ್ತ ಅಳತೆಯುಂಟು. ಸ್ಪ್ರಿಂಗು, ಸ್ಟೇರಿಂಗು, ಬ್ರೇಕು, ಸೀಟಿನ ಬೆಲ್ಟು ಇವುಗಳನ್ನು ಬಿಗಿದ ಜಾಗದಿಂದ ಸುತ್ತಲೂ 30 ಸೆಂಟಿಮೀಟರು, ಎಂದರೆ ಸುಮಾರು ಒಂದು ಅಡಿಯೊಳಗೆ ಭಾರ ಹೊರುವ ಲೋಹವನ್ನು ತುಕ್ಕು ತೀರ ತಿಂದಿದ್ದರೆ ಗಾಡಿ ನಪಾಸು. ನಮ್ಮ ದೇಶದ ಕಾಯಿದೆಯಲ್ಲಿ ಈ ಅಳತೆ ಇಲ್ಲದಿದ್ದರೂ ಮನೆಯಲ್ಲಿ ಗಾಡಿ ಪರೀಕ್ಷಿಸುವವರಿಗೆ ಇದಕ್ಕಿಂತ ಸುಲಭವಾದ ಮಾರ್ಗ ನಮಗೆ ಕಾಣದು. ಒಂದು ತುಂಡು ಸೀಮೆಸುಣ್ಣ ಹಿಡಿದುಕೊಂಡು ಆ ಜಾಗಗಳ ಸುತ್ತ ಗೆರೆ ಎಳೆಯಿರಿ. ಗೆರೆಯೊಳಗಿನ ತುಕ್ಕಿನೊಂದಿಗೆ ಚೌಕಾಸಿಯಿಲ್ಲ.

ನೋಡುವ ಬಗೆ

ಗಾಡಿಯನ್ನು ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಡಿ. ಬರಿಯ ಜಾಕಿಯನ್ನು ನಂಬಿ ಯಾವ ಕಾರಣಕ್ಕೂ ಅಡಿಗೆ ಹೋಗಕೂಡದು. ತುಕ್ಕು ಹಿಡಿದ ಗಾಡಿಯಲ್ಲಂತೂ ಜಾಕಿ ಕೊಟ್ಟ ಜಾಗವೇ ಕುಸಿಯಬಹುದು. ಗಟ್ಟಿ ಮರದ ದಿಮ್ಮಿಗಳನ್ನು ಅಚ್ಚಿನ ಕೆಳಗೆ ಅಡ್ಡಡ್ಡವಾಗಿ ಪೇರಿಸಿ, ಗಾಡಿಯನ್ನು ಅಲುಗಾಡಿಸಿ ನೋಡಿ, ಆಮೇಲೆ ನುಸುಳಬೇಕು. ಮುರಕಲ್ಲನ್ನು ಇಡಬೇಡಿ; ಅದು ಹೇಳದೆ ಕೇಳದೆ ಒಡೆಯುತ್ತದೆ.

ಮಣ್ಣನ್ನೆಲ್ಲ ಕೆರೆದು ತೊಳೆದು ಒಂದು ದಿನ ಒಣಗಲು ಬಿಡಿ. ಬಳಿಕ ಸಣ್ಣ ಸುತ್ತಿಗೆಯಿಂದ ತೊಲೆಯುದ್ದಕ್ಕೂ ತಟ್ಟುತ್ತ ಹೋಗಿ. ಗಟ್ಟಿ ಉಕ್ಕು 'ಟಣ್' ಎನ್ನುತ್ತದೆ. ತಿಂದುಹೋದದ್ದು 'ಬದ್' ಎನ್ನುತ್ತದೆ. ತೆಂಗಿನಕಾಯಿ ತಟ್ಟಿ ನೋಡಬಲ್ಲ ಕೈಗೆ ಈ ವ್ಯತ್ಯಾಸ ತಿಳಿಯಲು ಹೆಚ್ಚು ಹೊತ್ತು ಬೇಡ. ಸದ್ದು ಕೆಟ್ಟ ಕಡೆಯಲ್ಲಿ ಸ್ಕ್ರೂ ಡ್ರೈವರಿನ ತುದಿಯನ್ನು ಬಲವಾಗಿ ಒತ್ತಿ. ಒಳಹೊಕ್ಕರೆ ಅದು ಲೋಹವಲ್ಲ, ಬಣ್ಣದ ಚರ್ಮ ಮಾತ್ರ. ಗೆದ್ದಲು ಹಿಡಿದ ಜಂತಿಯೂ ಹೊರಗಿನಿಂದ ಹೀಗೆಯೇ ಚೆನ್ನಾಗಿರುತ್ತದೆಯಲ್ಲವೇ?

ಜೀಪಿನ ತೊಲೆ ಕೆಲವು ಕಡೆ ತೆರೆದ ಚಾನೆಲ್ಲು, ಕೆಲವು ಕಡೆ ನಾಲ್ಕು ಮಗ್ಗುಲೂ ಮುಚ್ಚಿದ ಪೆಟ್ಟಿಗೆ. ಮುಚ್ಚಿದ ಭಾಗವೇ ಹೆಚ್ಚು ಮೋಸ ಮಾಡುವುದು. ಕೆಸರುನೀರು ಒಳಹೋಗಿ, ಹೊರಬರುವ ಕಂಡಿ ಮಣ್ಣು ಕಟ್ಟಿಕೊಂಡು, ವರ್ಷವಿಡೀ ಒದ್ದೆ ಮಣ್ಣು ಒಳಗೇ ಕುಳಿತಿರುತ್ತದೆ. ಸ್ಪ್ರಿಂಗ್ ಪ್ಲೇಟಿನ ಶಾಕಲ್ ಕಟ್ಟಿದ ಜಾಗ, ಚಕ್ರ ಕೆಸರು ಎರಚುವ ಮಗ್ಗುಲು, ಹಿಂಬದಿಯ ಅಡ್ಡತೊಲೆ, ಬಾಡಿ ಕುಳಿತುಕೊಳ್ಳುವ ಕಿವಿಗಳು ಇವನ್ನು ಬಿಡದೆ ನೋಡಬೇಕು. ಕಾರಿನಲ್ಲಾದರೆ ರಬ್ಬರು ಮ್ಯಾಟು ಎತ್ತಿ ನೆಲವನ್ನೂ ಬೆಲ್ಟಿನ ಬುಡವನ್ನೂ ನೋಡಿ.

ಇನ್ನೊಬ್ಬರನ್ನು ಕುಳ್ಳಿರಿಸಿ, ಎಂಜಿನು ನಿಂತಿರುವಾಗ, ಸ್ಟೇರಿಂಗನ್ನು ಎಡಕ್ಕೂ ಬಲಕ್ಕೂ ತಿರುಗಿಸಲು ಹೇಳಿ. ನಿಮ್ಮ ಕಣ್ಣು ಸ್ಟೇರಿಂಗ್ ಪೆಟ್ಟಿಗೆಯ ಬುಡದ ಮೇಲಿರಲಿ. ಪೆಟ್ಟಿಗೆಯೊಂದಿಗೆ ತೊಲೆಯ ತಗಡೂ ಉಸಿರಾಡಿದಂತೆ ಆಡಿದರೆ ಆ ಜೀಪನ್ನು ಅಂದೇ ನಿಲ್ಲಿಸಿ. ಗ್ಯಾರೇಜಿಗೂ ಓಡಿಸಿಕೊಂಡು ಹೋಗಬಾರದು. ಲಾರಿಯ ಮೇಲೆ ಹೇರಿ ಕಳುಹಿಸಬೇಕು. ಕಾರಿಗೆ ಬೇರೊಂದು ಪರೀಕ್ಷೆ: ಒಂದು ಮಗ್ಗುಲಿಗೆ ಮೆಲ್ಲಗೆ ಜಾಕಿ ಕೊಟ್ಟು ಬಾಗಿಲು ತೆರೆದು ಮುಚ್ಚಿ. ಬಾಗಿಲು ಕಚ್ಚಿಕೊಂಡರೆ, ಅಥವಾ ಬಾಗಿಲ ಸಂದು ಮೇಲೊಂದು ಕೆಳಗೊಂದು ಆದರೆ, ಡಬ್ಬಿ ಮಡಚಿಕೊಳ್ಳುತ್ತಿದೆ ಎಂದು ತಿಳಿಯಿರಿ.

ಯಾವುದನ್ನು ಸರಿಪಡಿಸಬಹುದು?

ಬೆಸುಗೆ ನಿಲ್ಲುವುದು ಗಟ್ಟಿ ಲೋಹದ ಮೇಲೆ. ಆದುದರಿಂದ ತೂತಿನ ಸುತ್ತ ನಾಲ್ಕೂ ಕಡೆ ಗಟ್ಟಿ ಲೋಹ ಸಿಕ್ಕುತ್ತದೆಯೇ ಎಂಬುದೇ ಪ್ರಶ್ನೆ. ತುಕ್ಕನ್ನು ಗ್ರೈಂಡರಿನಿಂದ ಉಜ್ಜುತ್ತ ಹೋದಾಗ ಒಂದೆರಡು ಅಂಗುಲದಲ್ಲಿ ಬೆಳ್ಳಗಿನ ಉಕ್ಕು ಸಿಕ್ಕಿತೆಂದರೆ ಅದು ದುರಸ್ತಿಯಾಗುವ ಜೀಪು. ಉಜ್ಜಿದಷ್ಟೂ ತೂತು ದೊಡ್ಡದಾಗುತ್ತ, ಒಂದು ತೂತು ಮತ್ತೊಂದನ್ನು ಕೂಡಿಕೊಂಡರೆ, ಅಲ್ಲಿ ತಗಡು ಬೆಸೆಯುವುದೆಂದರೆ ಕೊಳೆತ ಬಟ್ಟೆಗೆ ತೇಪೆ ಹಾಕಿದಂತೆ. ಒಂದು ತೊಲೆಯಲ್ಲಿ ಒಂದೆರಡು ಜಾಗ, ಒಂದು ಅಡ್ಡತೊಲೆ, ಬಾಡಿಯ ಕಿವಿಗಳು ಇಷ್ಟಾದರೆ ನಾವು ದುರಸ್ತಿಯ ಪಕ್ಷ. ಎರಡು ತೊಲೆಗಳೂ ಸ್ಪ್ರಿಂಗಿನ ಬುಡದಲ್ಲಿ ತಿಂದುಹೋಗಿ ಚಾಸಿ ಸೊಟ್ಟಗಾಗಿದ್ದರೆ ನಾವು ಆ ಪಕ್ಷ ಬಿಡುತ್ತೇವೆ. ತೆಳು ತಗಡಿನ ಕಾರುಗಳ ವಿಷಯದಲ್ಲಿ ನಮ್ಮ ಮನಸ್ಸು ಇನ್ನೂ ಬೇಗ ಗುಜರಿಯ ಕಡೆಗೆ ವಾಲುತ್ತದೆಂದು ಒಪ್ಪಿಕೊಳ್ಳಬೇಕು.

ಸೊಟ್ಟ ಇದೆಯೋ ಇಲ್ಲವೋ ಎಂದು ತಿಳಿಯಲು ದೊಡ್ಡ ಯಂತ್ರ ಬೇಡ. ಮನೆಗೆ ಪಾಯ ಗುರುತಿಸುವವರು ಮೂಲೆಯಿಂದ ಮೂಲೆಗೆ ಕರ್ಣ ಅಳೆಯುವುದಿಲ್ಲವೇ? ಹಾಗೆಯೇ ಮುಂದಿನ ಬಲ ಸ್ಪ್ರಿಂಗಿನ ಬೋಲ್ಟಿನಿಂದ ಹಿಂದಿನ ಎಡ ಬೋಲ್ಟಿಗೂ, ಎಡದಿಂದ ಬಲಕ್ಕೂ ತೂಗುಗುಂಡು ಇಳಿಬಿಟ್ಟು ನೆಲದಲ್ಲಿ ಗುರುತು ಮಾಡಿ ಎರಡು ಕರ್ಣಗಳನ್ನು ಅಳೆಯಿರಿ. ಎರಡೂ ಸಮವಾಗಿರಬೇಕು. ಈ ಅಳತೆಯನ್ನು ಬರೆದಿಟ್ಟುಕೊಳ್ಳಿ. ಬೆಸುಗೆ ಮುಗಿದ ಮೇಲೆ ಅದೇ ಅಳತೆ ಬರಬೇಕು. ಬೆಸುಗೆಯ ಕಾವಿಗೆ ಲೋಹ ಹಿಗ್ಗಿ ಕುಗ್ಗಿ ಎಳೆಯುವುದರಿಂದ ಈ ಎಚ್ಚರಿಕೆ ಅವಶ್ಯ.

ಒಳ್ಳೆಯ ದುರಸ್ತಿಯ ಲಕ್ಷಣ ತಿಳಿದಿದ್ದರೆ ಟಿಂಕರಿಂಗಿನವರ ಹತ್ತಿರ ಮಾತಾಡಲು ಅನುಕೂಲ. ಕೊಳೆತ ಲೋಹವನ್ನು ಪೂರ್ತಿ ಕತ್ತರಿಸಿ ತೆಗೆಯಬೇಕು. ಅದರ ಮೇಲೆಯೇ ತಗಡು ಮುಚ್ಚಿದರೆ ಒಳಗೆ ತುಕ್ಕು ನೆಮ್ಮದಿಯಾಗಿ ಬೆಳೆಯುತ್ತದೆ. ಹೊಸ ತುಂಡು ಹಳೆಯ ಗಟ್ಟಿ ಭಾಗದಷ್ಟೇ ದಪ್ಪವಿರಬೇಕು. ಅಲ್ಲೊಂದು ಇಲ್ಲೊಂದು ಚುಕ್ಕೆ ಬೆಸುಗೆ ಸಾಲದು, ಅಂಚಿನುದ್ದಕ್ಕೂ ಎಡೆಬಿಡದೆ ಬೆಸೆಯಬೇಕು. ತೊಲೆಯ ಬಲವೆಲ್ಲ ಹೆಚ್ಚಾಗಿ ಮೇಲಂಚು ಕೆಳಅಂಚುಗಳಲ್ಲಿ ಇರುವುದರಿಂದ ಆ ಅಂಚುಗಳಿಗೆ ಅಡ್ಡಲಾಗಿ ನೇರ ಬೆಸುಗೆ ಹಾಕಿದರೆ ಮುಂದೆ ಅದೇ ಗೆರೆಯಲ್ಲಿ ಬಿರುಕು ಬಿಡುವ ಭಯವಿದೆ. ಬಲಪಡಿಸಲು ಹಾಕುವ ತಟ್ಟೆಯ ತುದಿಗಳನ್ನು ಓರೆಯಾಗಿ ಕತ್ತರಿಸುವುದು ಇದಕ್ಕಾಗಿಯೇ. ಪುಟ್ಟಿಯೂ ಫೈಬರ್ ಗ್ಲಾಸೂ ಚಾಸಿಯ ಹತ್ತಿರ ಸುಳಿಯಕೂಡದು. ಅವು ಮುಖಕ್ಕೆ ಹಚ್ಚುವ ಪೌಡರು, ಎಲುಬಿಗಲ್ಲ. ಬೆಸುಗೆಗೆ ಮುಂಚೆ ಬ್ಯಾಟರಿಯ ತಂತಿ ಕಳಚಿ, ಪೆಟ್ರೋಲು ಅಥವಾ ಡೀಸೆಲ್ ಟಾಂಕಿ ಇಳಿಸಿ, ಹತ್ತಿರ ಮರಳಿನ ಬಕೆಟು ಇಡಬೇಕು. ಸತು ಲೇಪಿಸಿದ ಮಾಡಿನ ತಗಡನ್ನು ತೇಪೆಗೆ ತರುವವರುಂಟು. ಅದನ್ನು ಕಾಯಿಸಿದಾಗ ಬರುವ ಸತುವಿನ ಹೊಗೆ ಬೆಸುಗೆಯವನಿಗೆ ಜ್ವರ ಬರಿಸುತ್ತದೆ. ಅಲ್ಲದೆ ಅದು ಚಾಸಿಗೆ ತಕ್ಕ ದಪ್ಪವೂ ಅಲ್ಲ.

ಚಾಸಿ ನಂಬರು ಮತ್ತು ಕಾಗದಪತ್ರ

ಬೆಸುಗೆಯ ಮಾತು ಮುಗಿಯುವ ಮುಂಚೆ ಕಾಗದದ ಮಾತೂ ಆಗಬೇಕು. ಚಾಸಿ ನಂಬರು ಜೀಪಿನ ತೊಲೆಯ ಮೇಲೆ ಕೊರೆದಿರುತ್ತದೆ. ಅದೇ ಆ ಗಾಡಿಯ ಹೆಸರು, ಕುಲ, ಗೋತ್ರ ಎಲ್ಲ. ಆರ್.ಸಿ.ಯಲ್ಲಿರುವ ನಂಬರಿನೊಂದಿಗೆ ಅದನ್ನು ಹೋಲಿಸಿ ನೋಡಿ. ತುಕ್ಕು ಆ ಅಕ್ಷರಗಳನ್ನೇ ತಿಂದಿದ್ದರೆ, ಅಥವಾ ಕತ್ತರಿಸಬೇಕಾದ ಜಾಗ ಅದರ ಹತ್ತಿರ ಬಂದರೆ, ಮೊದಲು ಹೋಗಬೇಕಾದದ್ದು ಆರ್.ಟಿ.ಓ. ಕಛೇರಿಗೆ, ಬೆಸುಗೆಯ ಅಂಗಡಿಗಲ್ಲ. ಬರಹದಲ್ಲಿ ಅನುಮತಿ ಸಿಗದೆ ಅಲ್ಲಿ ಗರಗಸ ಇಡಕೂಡದು. ಗುಜರಿಯಿಂದ ಬೇರೆ ಚಾಸಿ ತಂದು ಹಳೆಯ ನಂಬರು ಕೊರೆಸಿಕೊಡುತ್ತೇವೆಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಅದು ಅಪರಾಧ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ ಆರ್.ಸಿ.ಯ ವಿವರಕ್ಕೆ ವ್ಯತ್ಯಾಸ ಬರುವಂತೆ ಗಾಡಿಯನ್ನು ಬದಲಾಯಿಸುವಂತಿಲ್ಲ.

ಸ್ವಂತ ಉಪಯೋಗದ ಗಾಡಿಯ ನೋಂದಣಿ 15 ವರ್ಷಕ್ಕೆ. ಅನಂತರ 5 ವರ್ಷಕ್ಕೊಮ್ಮೆ ಗಾಡಿ ತೋರಿಸಿ ನವೀಕರಿಸಬೇಕು. 15 ವರ್ಷ ಮೀರಿದ ಕಾರು ಜೀಪುಗಳಿಗೆ ಈ ನವೀಕರಣದ ಫೀಸು 2022ರ ಏಪ್ರಿಲ್ 1ರಿಂದ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿತು. ಆಮೇಲೂ ದರಗಳು ಬದಲಾಗಿವೆ. ಕೇರಳದಲ್ಲಿ ಹಳೆಯ ಗಾಡಿಗೆ ಹಸಿರು ತೆರಿಗೆಯೂ ಇದೆ. ಆದುದರಿಂದ ಕೆಲಸಕ್ಕೆ ಕೈಹಾಕುವ ಮೊದಲು ಒಟ್ಟು ಎಷ್ಟು ಕಟ್ಟಬೇಕಾಗುತ್ತದೆಂದು ಕಛೇರಿಯಲ್ಲಿ ಕೇಳಿಕೊಂಡು ಬನ್ನಿ.

ಗಡಿಯವರಾದ ನಮಗೆ ಇನ್ನೊಂದು ತೊಡಕು. ಪುತ್ತೂರು, ಮಂಗಳೂರು ಕಡೆಯಿಂದ ಹಳೆಯ ಜೀಪು ಕೊಂಡು ತರುವುದು ನಮ್ಮಲ್ಲಿ ಹಿಂದಿನಿಂದ ಬಂದ ರೂಢಿ. ಕರ್ನಾಟಕದ ನಂಬರಿನ ಗಾಡಿಯನ್ನು ಕೇರಳದಲ್ಲಿ 12 ತಿಂಗಳಿಗೆ ಮೀರಿ ಇಟ್ಟುಕೊಂಡರೆ ಇಲ್ಲಿನ ನಂಬರು ಪಡೆಯಬೇಕು. ಅದಕ್ಕೆ ಅಲ್ಲಿನ ಕಛೇರಿಯ ಆಕ್ಷೇಪವಿಲ್ಲವೆಂಬ ಪತ್ರ ಬೇಕು. ಇಲ್ಲಿ ಗಾಡಿ ತೋರಿಸುವ ದಿನ ಚಾಸಿ ನಂಬರು ಓದಲು ಬಾರದಿದ್ದರೆ ಮಾರಿದವರು ಸಿಗುವುದಿಲ್ಲ. ಕೊಳ್ಳುವಾಗ ಅಡಿಭಾಗಕ್ಕೆಲ್ಲ ಹೊಸದಾಗಿ ಕಪ್ಪು ಬಣ್ಣ ದಪ್ಪಗೆ ಬಳಿದಿರುವುದು ಕಂಡರೆ ಸಂತೋಷಪಡಬೇಡಿ. ಸುತ್ತಿಗೆ ತೆಗೆದುಕೊಳ್ಳಿ. ನಿಮ್ಮ ಜೀಪನ್ನು ಮಾರುವಾಗಲೂ ತುಕ್ಕಿದ್ದ ಜಾಗವನ್ನು ಕೊಳ್ಳುವವರಿಗೆ ತೋರಿಸಿಯೇ ಮಾರುವುದು ಮರ್ಯಾದೆ. ಏಕೆಂದರೆ ಅದೇ ಜೀಪಿನಲ್ಲಿ ನಾಳೆ ಅವರ ಮಕ್ಕಳು ಶಾಲೆಗೆ ಹೋಗುತ್ತಾರೆ.

ಲೆಕ್ಕ

ದುರಸ್ತಿಯ ಖರ್ಚನ್ನು ಜೀಪಿನ ಮಾರುಕಟ್ಟೆ ಬೆಲೆಯೊಂದಿಗೆ ಹೋಲಿಸುವುದು ರೂಢಿ. ಕೃಷಿಕನಿಗೆ ಈ ಹೋಲಿಕೆ ಪೂರ್ತಿ ಸರಿಯಲ್ಲ. ಮುಂದಿನ ನವೀಕರಣದವರೆಗಿನ 5 ವರ್ಷಕ್ಕೆ ಖರ್ಚನ್ನು ಹಂಚಿ, ಜೀಪಿಲ್ಲದಿದ್ದರೆ ಬಾಡಿಗೆಗೆ ಎಷ್ಟು ಹೋಗುತ್ತಿತ್ತೆಂದು ನೋಡಬೇಕು. ಉದಾಹರಣೆಗೆ ಮಾತ್ರ ಅಂಕೆ ಹಿಡಿಯೋಣ. ಚಾಸಿಗೆ 60,000, ಬ್ರೇಕು ಟಯರು ಮುಂತಾದ್ದಕ್ಕೆ 25,000, ಕಛೇರಿಗೆ 15,000. ಒಟ್ಟು ಒಂದು ಲಕ್ಷ. ವರ್ಷಕ್ಕೆ 20,000 ಆಯಿತು, ವಿಮೆ ಬೇರೆ. ವರ್ಷದಲ್ಲಿ 50 ಸಲ ತೋಟದಿಂದ ರಸ್ತೆಗೆ, ರಸ್ತೆಯಿಂದ ಪೇಟೆಗೆ ಪಿಕಪ್ಪಿನ ಬಾಡಿಗೆ 800ರಂತೆ ಕೊಡಬೇಕಾಗಿದ್ದರೆ 40,000. ಇಂಥವರು ದುರಸ್ತಿ ಮಾಡಿಸಲಿ. ವರ್ಷಕ್ಕೆ ಹತ್ತು ಸಲ ಮಾತ್ರ ಹೊರಡುವ ಜೀಪಾದರೆ ಬಾಡಿಗೆಯೇ ಲಾಭ. ಬಾಡಿಗೆ ಗಾಡಿ ಹತ್ತದ ಗುಡ್ಡೆಯ ಮೇಲೆ ಮನೆಯಿರುವವರ ಲೆಕ್ಕವೇ ಬೇರೆ. ಅದನ್ನು ಅವರೇ ಬಲ್ಲರು.

ಎಸ್ಟಿಮೇಟು ಕೊಡುವವರು ಹೊರಗೆ ಕಂಡ ತುಕ್ಕಿಗೆ ಕೊಡುತ್ತಾರೆ. ಬಿಚ್ಚಿದ ಮೇಲೆ ಇನ್ನಷ್ಟು ಕಾಣುವುದು ಖಂಡಿತ. ಆದುದರಿಂದ ಮೊದಲು ಬಿಚ್ಚಿ ಉಜ್ಜುವ ಕೆಲಸಕ್ಕೆ ಮಾತ್ರ ಮಜೂರಿ ಮಾತಾಡಿ, ಬೆಳ್ಳಗಿನ ಉಕ್ಕು ಎಲ್ಲಿ ಸಿಕ್ಕಿತೆಂದು ಕಣ್ಣಾರೆ ನೋಡಿ, ಆಮೇಲೆ ಬೆಸುಗೆಗೆ ಒಪ್ಪಿಕೊಳ್ಳುವುದು ಒಳ್ಳೆಯದು. ಇದರಿಂದ ಅರ್ಧಕ್ಕೆ ನಿಲ್ಲಿಸುವ ಸ್ವಾತಂತ್ರ್ಯ ನಿಮ್ಮ ಕೈಯಲ್ಲಿರುತ್ತದೆ. ಸುರಿದ ಹಣದ ಹಿಂದೆ ಇನ್ನೂ ಹಣ ಸುರಿಯುವುದೇ ಇಂಥ ಕೆಲಸದಲ್ಲಿ ಮನೆ ಹಾಳುಮಾಡುವುದು.

ಗುಜರಿಯೆಂದು ತೀರ್ಮಾನಿಸಿದವರು ಸರಕಾರದಲ್ಲಿ ನೋಂದಾಯಿಸಿದ ಕೇಂದ್ರಕ್ಕೆ ಕೊಟ್ಟರೆ ಒಂದು ಪ್ರಮಾಣಪತ್ರ ಸಿಗುತ್ತದೆ. 2021ರಲ್ಲಿ ಕೇಂದ್ರ ಸರಕಾರ ಮಾಡಿದ ನಿಯಮದಂತೆ, ಅದನ್ನು ತೋರಿಸಿ ಸ್ವಂತ ಉಪಯೋಗದ ಹೊಸ ಗಾಡಿ ಕೊಳ್ಳುವವರಿಗೆ ರಾಜ್ಯಗಳು ವಾಹನ ತೆರಿಗೆಯಲ್ಲಿ ಶೇಕಡಾ 25ರವರೆಗೆ ರಿಯಾಯಿತಿ ಕೊಡಬಹುದು. ಯಾರಿಗೇ ಕೊಟ್ಟರೂ ನೋಂದಣಿಯನ್ನು ರದ್ದುಮಾಡಿಸಿಕೊಳ್ಳಬೇಕು. ಜೀಪು ತುಂಡಾಗಿ ಹೋದರೂ ಹೆಸರು ಕಛೇರಿಯಲ್ಲಿ ಉಳಿದಿದ್ದರೆ ಮುಂದೆ ತಾಪತ್ರಯ.

ರಸ್ತೆಗೆ ತರದೆ ತೋಟದೊಳಗೆ ಮಾತ್ರ ಓಡಿಸುತ್ತೇವೆ ಎನ್ನುವವರೂ ಇದ್ದಾರೆ. ಗುಡ್ಡೆಯ ಇಳಿಜಾರಿನಲ್ಲಿ, ಹಿಂದೆ ಗೊಬ್ಬರ, ಗೊಬ್ಬರದ ಮೇಲೆ ಇಬ್ಬರು ಕೆಲಸದಾಳುಗಳು ಕುಳಿತಿರುವಾಗ ಶಾಕಲ್ ಕಿತ್ತುಬಂದರೆ ಅದು ತೋಟವೋ ರಸ್ತೆಯೋ ಎಂದು ನೋಡುವುದಿಲ್ಲ. ಸೀಮೆಸುಣ್ಣದ ಗೆರೆಯೊಳಗಿನ ತುಕ್ಕು ಸರಿಯಾಗದೆ ಅಲ್ಲಿಯೂ ಓಡಿಸಬಾರದು.

ದುರಸ್ತಿಯಾದ ಮೇಲೆ

ಬೆಸುಗೆಯ ಮೇಲೆ ರೆಡ್ ಆಕ್ಸೈಡೂ ಬಣ್ಣವೂ ಹೊರಗಿನಿಂದ ಬಳಿಯುತ್ತಾರೆ. ಒಳಗಿನ ಮಗ್ಗುಲು ಸುಟ್ಟು ಬೆತ್ತಲೆಯಾಗಿಯೇ ಉಳಿಯುತ್ತದೆ. ಪೆಟ್ಟಿಗೆಯಂಥ ಭಾಗದೊಳಕ್ಕೆ ಕಂಡಿಯಿಂದ ಮೇಣದ ಲೇಪವನ್ನು ಕೊಳವೆಯಲ್ಲಿ ಸಿಂಪಡಿಸುವ ವ್ಯವಸ್ಥೆ ಈಗ ಪೇಟೆಗಳಲ್ಲಿದೆ. ಅದನ್ನು ತಪ್ಪದೆ ಮಾಡಿಸಿ. ಎಂಜಿನಿನ ಸುಟ್ಟ ಎಣ್ಣೆ ಬಳಿಯುವುದು ಹಳೆಯ ಪದ್ಧತಿ. ಅದು ನೀರನ್ನು ಒಂದಿಷ್ಟು ತಡೆಯುವುದು ನಿಜ; ಆದರೆ ರಬ್ಬರು ಬುಷ್ಷುಗಳನ್ನು ಕೆಡಿಸುತ್ತದೆ, ಮೈಗೆ ಒಳ್ಳೆಯದಲ್ಲ, ತೊಟ್ಟಿಕ್ಕಿ ಬಾವಿಯ ಬದಿಯ ಮಣ್ಣಿಗೆ ಸೇರುತ್ತದೆ. ನಾವು ಅದನ್ನು ಹೇಳುವುದಿಲ್ಲ.

ನೀರು ಹೋಗುವ ಕಂಡಿಗಳನ್ನು ತಿಂಗಳಿಗೊಮ್ಮೆ ತಂತಿ ಹಾಕಿ ಬಿಡಿಸಿ. ಗೊಬ್ಬರ ಹೇರಿದ ಸಂಜೆಯೇ ತಳ ತೊಳೆಯಿರಿ. ಜೀಪನ್ನು ಹಟ್ಟಿಯ ಮಗ್ಗುಲಲ್ಲಿ ಕಟ್ಟಿಹಾಕಿದಂತೆ ನಿಲ್ಲಿಸದೆ, ಗಾಳಿಯಾಡುವ ಮಾಡಿನಡಿ ನಿಲ್ಲಿಸಿ. ನೆಲಕ್ಕೆ ಮುಟ್ಟುವಂತೆ ಟಾರ್ಪಾಲು ಮುಚ್ಚಿದರೆ ನೆಲದ ತೇವವೆಲ್ಲ ಒಳಗೇ ನಿಲ್ಲುತ್ತದೆ.

ಬೆಸುಗೆಯ ಕೆಲಸಕ್ಕೆ ಒಣಹವೆ ಬೇಕು. ಮಳೆಗಾಲದಲ್ಲಿ ಉಜ್ಜಿದ ಉಕ್ಕು ರಾತ್ರಿ ಬೆಳಗಾಗುವುದರೊಳಗೆ ಮತ್ತೆ ಕೆಂಪಾಗುತ್ತದೆ, ಅದರ ಮೇಲೆ ಬಣ್ಣ ನಿಲ್ಲದು. ದೀಪಾವಳಿ ಕಳೆದು ಶಿವರಾತ್ರಿಯೊಳಗೆ ಕೆಲಸ ಹಿಡಿಸಿದರೆ ಅನುಕೂಲ. ಹೇಗಿದ್ದರೂ ಪತ್ತನಾಜೆಗೆ ಮೊದಲು ಒಳಗಿನ ಮೇಣ ಒಣಗಿರಬೇಕು.